ಹೋಗಬಾರದ ತುದಿ

ವಿಮಾನದ ಸದ್ದು ಕೇಳಿದಾಗಲೆಲ್ಲ ಕಾಶವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯನ್ನೇ ಹಣೆಗೆ ಅಡ್ಡ ಹಿಡಿದು ಕಿಟಕಿಯಿಂದ ನೋಡುತ್ತಿದ್ದಳು. ಆಂಟಾಪ್ ಹಿಲ್ಲಿನ ಆ ಖಾನಾವಳಿ ಅಂದರೆ ಆಕೆಯ ಮನೆಯ ಹೊರಗಿನ ಕೋಣೆ, ಅಷ್ಟೇ. ಎರಡು ಚಾಪೆ, ಗೋಡೆಗೊರಗಿದ ಎಂಟು ಜನ, ಎಲ್ಲರೂ ಗುಲಬರ್ಗಾ ಕಡೆಯವರು. ದೂರದಲ್ಲಿ ಸಾಂತಾಕ್ರೂಜಿಗೆ ಇಳಿಯಲು ತಗ್ಗುತ್ತಿದ್ದ ವಿಮಾನ ಕಣ್ಮರೆಯಾಗುವವರೆಗೆ ನೋಡಿ, ಅವಳು ದಿನದಂತೆ ಇವತ್ತೂ ಕೇಳಿದಳು. "ಬಸವಂತರಾಯ್ರ, ಇದು ನಿಮ್ದೇನ್ರೀ?" ಬಸವಂತರಾಯ ದಿನದಂತೆ ಇವತ್ತೂ ಹೇಳಿದ. "ಅಲ್ಲವ್ವಾ, ನಮ್ದು ಸಣ್ಣದು. ಒಬ್ಬನೇ ಕೂಡೋದು." "ಯವ್ವಾ, ಒಬ್ಬ ಕೂಡೋ ಇಮಾನಕ್ಕ ಇಷ್ಟು ವರ್ಷ ಬೇಕೇನ್ರೀ? ಅಷ್ಟರಾಗ ನಾ ಐದು ಮಂದೀನ ಹಡದು ಸಾಲಿಗಿ ಹಚ್ಚೀನಿ. ನೀವು ಆ ಒಬ್ಬನ್ನ ಇನ್ನಾ ಮ್ಯಾಲ ಏರಸ್ವಲ್ರಿ." ಎಂಟು ಜನ ನಕ್ಕರು. ಅವನೂ ನಕ್ಕ. ನಗದೆ ಇದ್ದರೆ ಅವರಿಗೆ ತಿಳಿದುಬಿಡುತ್ತದೆ ಎಂದು ಒಂದು ತಿಂಗಳಿಂದ ಪ್ರತಿ ತಮಾಷೆಗೂ ಸ್ವಲ್ಪ ಹೆಚ್ಚಾಗಿಯೇ ನಗುತ್ತಿದ್ದ. ನೀರು ಕುಡಿದ. ಇವತ್ತು ಗುರುವಾರ, ಹನ್ನೊಂದಕ್ಕೆ ಸರ್ಕಾರದ ಸಾಹೇಬ ಬರುತ್ತಾನೆ, ಲೇಥ್ ನಡೆಸುವ ಟರ್ನರ್ ಭೀಮರಾಯನನ್ನು ಕೆಲಸದಿಂದ ತೆಗೆಯುವ ಕಾಗದಕ್ಕೆ ಸಹಿ ಬೀಳುತ್ತದೆ. ನಿಜ ಹೇಳಬೇಕೆಂದರೆ ತಮ್ಮ ವರ್ಕ್‌ಶಾಪು ಬಿಡಿಭಾಗ ಮಾಡಿ ಕಳಿಸುವ ಆ ಯುದ್ಧವಿಮಾನವನ್ನು ಅವನು ಕಂಡೇ ಇರಲಿಲ್ಲ. ಬೆಂಗಳೂರಿನಲ್ಲಿ ಅದನ್ನು ಕಟ್ಟುತ್ತಾರೆ, ಗಾಲಿ ಮಡಚುವ ಕೀಲಿನೊಳಗೆ ಬುಶ್ ಎಂಬ ಬೆರಳುದ್ದದ ಒಂದು ಲೋಹದ ಕೊಳವೆ ಕೂರುತ್ತದೆ, ಆ ಬುಶ್ಶಿನ ನಡುವೆ ಒಂದು ತೂತು ಇದೆ. ಅದನ್ನು ಅಳೆದು, ಸರಿಯಿದ್ದರೆ ಶಿಕ್ಕಾ ಒತ್ತುವ ಇನ್‌ಸ್ಪೆಕ್ಟರ್ ಅವನು, ಅವನಿಗೆ ಗೊತ್ತಿದ್ದದ್ದು ಆ ತೂತು ಮಾತ್ರ. ಆರು ವರ್ಷದಿಂದ ಆ ತೂತಿನೊಳಗಿಂದ ನೋಡುತ್ತ, ಆಚೆ ರೆಕ್ಕೆ ಹೀಗಿರಬಹುದು, ಗಾಜಿನ ಗೂಡು ಹಾಗಿರಬಹುದು, ಅದರೊಳಗೆ ಕೂತವನಿಗೆ ಮಾತಾಡಲು ಯಾರೂ ಇರಲಿಕ್ಕಿಲ್ಲ ಎಂದು ಯೋಚಿಸಿದ್ದ.

ಪರೇಲಿನ ಬಸ್ಸಿನಲ್ಲಿ ನಿಲ್ಲಲು ಜಾಗ ಸಿಕ್ಕಿತು. ಡ್ರೈವರನ ಬೆನ್ನ ಹಿಂದೆ, ಮಾತು ಕಡಿಮೆ ಮಾಡಿ ದುಡಿಮೆ ಹೆಚ್ಚು ಮಾಡಿ ಎಂಬ ಹೊಸ ಬೋರ್ಡು. ತುರ್ತು ಪರಿಸ್ಥಿತಿ ಬಂದಾಗಿನಿಂದ ಲೋಕಲ್ ರೈಲುಗಳು ಹೊತ್ತಿಗೆ ಸರಿಯಾಗಿ ಬರುತ್ತಿದ್ದವು, ಆಫೀಸಿಗೆ ತಡವಾಗಿ ಬಂದವರನ್ನು ಗೇಟಿನ ಹೊರಗೇ ನಿಲ್ಲಿಸುತ್ತಿದ್ದರು, ಎಲ್ಲವೂ ಸಮಯಕ್ಕೆ ಆಗುತ್ತಿದ್ದ ಆ ಊರಿನಲ್ಲಿ ಅವರ ವಿಮಾನ ಮಾತ್ರ ತಡವಾಗುತ್ತಲೇ ಇತ್ತು. ಮೊದಲು ವಿದೇಶದಿಂದ ಲೋಹ ಬರಲಿಲ್ಲ. ಬಂದಾಗ ಡ್ರಾಯಿಂಗ್ ಬದಲಾಗಿತ್ತು. ಬದಲಾದ ಡ್ರಾಯಿಂಗಿಗೆ ಬಂದ ಲೋಹ ಅರ್ಧ ಬೆರಳು ಸಾಲದೆ ಹೋಯಿತು. ಬೆಂಗಳೂರಿನಿಂದ ತಂತಿಗಳು ಬರುತ್ತಿದ್ದವು, ಮೊದಮೊದಲು ವಾರಕ್ಕೊಂದು, ಆಮೇಲೆ ದಿನಕ್ಕೊಂದು. ಈ ಪರೇಲಿನ ಗಲ್ಲಿಯ ನಲವತ್ತು ಜನರ ವರ್ಕ್‌ಶಾಪಿನ ಮುಂದೆ ಇಡೀ ವಿಮಾನ ಒಂಟಿಕಾಲಲ್ಲಿ ನಿಂತಿದೆ ಎಂಬಂತಿರುತ್ತಿತ್ತು ಅವುಗಳ ಧಾಟಿ. ತೂತು ಅಳೆಯುವ ಗೇಜ್ ಅವನ ಕೈಯಿಂದ ಬಿದ್ದದ್ದು ಅಂಥ ದಿನಗಳಲ್ಲೇ. ಸಂಕ್ರಾಂತಿಯ ದಿನ ಕಾಶವ್ವ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮಾಡಿ, ಎರಡನ್ನು ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದಳು. "ಹಬ್ಬದ ದಿನ ಒಬ್ಬಂಟಿಗ ಮನಷ್ಯಾ ಡ್ಯೂಟಿಗಿ ಹೋಗ್ತೀರಿ, ತಗೋರಿ." ಬಿಚ್ಚಿ ನೋಡಿದರೆ ನಡುವೆ ಬೆಣ್ಣೆ. ಕೇಳದೆಯೇ ಇಟ್ಟದ್ದು. ಇನ್‌ಸ್ಪೆಕ್ಷನ್ ರೂಮಿನಲ್ಲಿ ತಿನ್ನಬಾರದು, ಗೇಜ್ ಮುಟ್ಟುವ ಮೊದಲು ಕೈ ತೊಳೆದು ಒರೆಸಿಕೊಳ್ಳಬೇಕು, ಈ ನಿಯಮಗಳನ್ನು ಬೋರ್ಡಿನ ಮೇಲೆ ಬರೆಸಿದವನೇ ಅವನು. ನಲವತ್ತನಾಲ್ಕು ವರ್ಷದ ಮನುಷ್ಯ, ಬಾಗಿಲು ಮುಂದೆ ಮಾಡಿಕೊಂಡು, ಮೇಜಿನ ಮೇಲೇ ರೊಟ್ಟಿ ತಿಂದ. ತಿನ್ನುವಾಗ ಕಣ್ಣಲ್ಲಿ ಯಾಕೋ ನೀರು ಬಂತು, ಅದಕ್ಕೆ ನಾಚಿಕೆಯಾಗಿ ಬೇಗ ಕೆಲಸ ಹಿಡಿದ, ಬೆರಳಿನ ಬೆಣ್ಣೆ ಮರೆತುಹೋಗಿತ್ತು.

ಆ ಗೇಜ್ ಎಂದರೆ ಒಂದು ಗಿಡ್ಡ ಉಕ್ಕಿನ ಕೋಲು. ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಹೋಗುವುದು ಹೋಗದಿದ್ದರೆ ತೂತು ಸಣ್ಣದು, ಹೋಗಬಾರದ್ದು ಹೋದರೆ ತೂತು ದೊಡ್ಡದು. ಇಷ್ಟು ಸರಳವಾದ ನ್ಯಾಯ ತನ್ನ ಬದುಕಿನಲ್ಲಿ ಬೇರೆಲ್ಲೂ ಸಿಕ್ಕಿರಲಿಲ್ಲವೆಂದು ಅವನಿಗೆ ಅನ್ನಿಸುತ್ತಿತ್ತು. ಅದು ಜಾರಿ ನೆಲಕ್ಕೆ ಬಿದ್ದಾಗ ಆದ ಸದ್ದು ಬಹಳ ಸಣ್ಣದು. ಬಿದ್ದ ಗೇಜಿಗೆ ಕೆಂಪು ಚೀಟಿ ಕಟ್ಟಿ ಪರೀಕ್ಷೆಗೆ ಕಳಿಸಬೇಕು, ಅದು ತಿರುಗಿ ಬರಲು ಆರು ವಾರ. ಎರಡನೆಯ ಗೇಜಿಗೆ ಎಂದೋ ಆರ್ಡರ್ ಹೋಗಿತ್ತು, ಬಂದಿರಲಿಲ್ಲ. ಇದ್ದ ಒಂದನ್ನೇ ಟರ್ನರೂ ಅವನೂ ಹಂಚಿಕೊಳ್ಳುತ್ತಿದ್ದರು. ಆರು ವಾರ ಎಲ್ಲ ನಿಲ್ಲುತ್ತದೆ, ಯಾಕೆ ಎಂದು ಕೇಳುತ್ತಾರೆ, ರೊಟ್ಟಿಯ ಬೆಣ್ಣೆ ಎಂದು ಹೇಳಬೇಕಾಗುತ್ತದೆ. ಅಂಗಿಯ ಅಂಚಿನಲ್ಲಿ ಒರೆಸಿ ಪೆಟ್ಟಿಗೆಯಲ್ಲಿಟ್ಟ. ಅಷ್ಟೇ ಆಗಿದ್ದರೆ ಅದೊಂದು ತಪ್ಪು, ಯಾರಿಂದಲೂ ಆಗುವಂಥದ್ದು. ಆದರೆ ಹತ್ತು ದಿನದ ಮೇಲೆ ಭೀಮರಾಯ ಲೇಥ್ ನಿಲ್ಲಿಸಿ, ಒಂದು ಬುಶ್ ಹಿಡಿದುಕೊಂಡು ಬಂದಿದ್ದ. "ಸಾಹೇಬ್ರ, ಕೈಗಿ ಸಡ್ಲ ಅನಸ್ತದ್ರೀ. ಹೋಗೋ ತುದಿ ಒಳಗ ಈಸಾಡ್ತದ. ಒಮ್ಮಿ ಟೂಲ್ ಬಿಚ್ಚಿ ಹಚ್ತೀನ್ರಿ." ಬಸವಂತರಾಯ ಹೋಗಬಾರದ ತುದಿಯನ್ನು ತೂತಿಗೆ ಒತ್ತಿ ತೋರಿಸಿದ. ಹೋಗಲಿಲ್ಲ. ಸುತ್ತಲಿದ್ದವರಿಗೂ ಕೇಳುವಂತೆ ಹೇಳಿದ. "ಗೇಜ್ ಸುಳ್ಳು ಹೇಳ್ತದೇನೋ ಭೀಮರಾಯ? ಐವತ್ತು ದಾಟಿತು, ಕೈ ಮಂದ ಆಗ್ಯಾವ. ದನಾ ಕಾಯಾಕ ಹೋಗು ಇನ್ನ." ಎಲ್ಲರೂ ನಕ್ಕರು. ಭೀಮರಾಯನೂ ನಕ್ಕ, ತನ್ನ ಬೆರಳುಗಳನ್ನು ಒಮ್ಮೆ ಉಜ್ಜಿ ನೋಡಿಕೊಂಡು ಲೇಥಿಗೆ ಹೋದ. ಬಸ್ಸು ಬ್ರೇಕ್ ಹಾಕಿತು. ಮುಂದಿದ್ದವನ ಭುಜಕ್ಕೆ ಅವನ ಹಲ್ಲು ತಾಗಿತು. "ದೇಖಕೆ, ಅಂಕಲ್."

ಮಾರ್ಚಿನಲ್ಲಿ ಬೆಂಗಳೂರಿನಿಂದ ಪತ್ರ ಬಂತು: ಒಂದು ಲಾಟಿನ ನಲವತ್ತರಲ್ಲಿ ಹನ್ನೊಂದು ಬುಶ್ಶುಗಳ ತೂತು ದೊಡ್ಡದು, ಕಾರಣ ತಿಳಿಸಿ. ಕಾರಣ ತಿಳಿಸಲು ಮ್ಯಾನೇಜರ್ ಸಬ್ನಿಸನಿಗೆ ಅರ್ಧ ದಿನ ಸಾಕಾಯಿತು. ಜಾಬ್ ಕಾರ್ಡಿನ ಮೇಲೆ ಟರ್ನರನ ಹೆಸರಿರುತ್ತದೆ. ತೀರ್ಮಾನವಾಗುವವರೆಗೆ ಭೀಮರಾಯನನ್ನು ಗೇಟಿನ ಹೊರಗೆ ಕೂರಿಸಿದರು. ಆ ದಿನ ಸಂಜೆ ಬಸವಂತರಾಯ ಗೇಜನ್ನು ಭೂತಗನ್ನಡಿಯ ಕೆಳಗೆ ಹಿಡಿದ. ಹೋಗಬಾರದ ತುದಿಯ ಅಂಚಿನಲ್ಲಿ, ಬಿದ್ದಲ್ಲಿ ಉಕ್ಕು ಮೇಲೆದ್ದು ಒಂದು ಸಣ್ಣ ತುಟಿಯಂತಾಗಿತ್ತು. ತೂತು ಎಷ್ಟೇ ದೊಡ್ಡದಾದರೂ ಅದು ಬಾಗಿಲಲ್ಲೇ ಅಡ್ಡ ನಿಂತು ಹೋಗುವುದಿಲ್ಲ ಎನ್ನುತ್ತಿತ್ತು. ಒಂದು ತಿಂಗಳಿಂದ ದಿನಾ ಬೆಳಗ್ಗೆ ಆ ತುಟಿಯನ್ನು ನೋಡಿ ಮತ್ತೆ ಪೆಟ್ಟಿಗೆ ಮುಚ್ಚುತ್ತಿದ್ದ.

ಗೇಟಿನ ಎದುರಿಗೇ ದೂಜನ ಕ್ಯಾಂಟೀನು. ತಗಡಿನ ಮಾಡು, ನಾಲ್ಕು ಬೆಂಚು. ಉಡುಪಿ ಕಡೆಯ ದೂಜ ಪೂಜಾರಿ ಮಿಲ್ಲುಗಳ ಹೊಗೆಯಲ್ಲಿ ಇಪ್ಪತ್ತು ವರ್ಷ ಚಹಾ ಕಾಸಿದವನು, ಯಾರ ಮನೆಯಲ್ಲಿ ಏನು ಎಂದು ಅವನಿಗೆ ಗೊತ್ತು. ಒಳಗಿನ ಬೆಂಚಿನಲ್ಲಿ ಭೀಮರಾಯ ಕೂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬೋಳಿಸಿದ ಗಡ್ಡ, ಮದುವೆಗೆ ಹೊರಟವನ ಹಾಗೆ. ಬಸವಂತರಾಯ ರಸ್ತೆಯ ಆಚೆ ಬದಿಯಲ್ಲೇ ನಡೆದ. ಆದರೆ ದೂಜನ ಗಂಟಲು ರಸ್ತೆ ದಾಟುವಂಥದ್ದು. "ಎಂತ ಮಾರಾಯ್ರೆ, ನಮ್ಮನ್ನು ಕಂಡರೆ ಅಷ್ಟು ದೂರವಾ? ಚಾ ಕುಡಿದು ಹೋಗಿ. ಭೀಮಣ್ಣ ಏಳು ಗಂಟೆಯಿಂದ ಕೂತುಕೊಂಡಿದ್ದಾರೆ. ಇವತ್ತು ಸಾಹೇಬರು ಒಳಗೆ ಕರೆದರೂ ಕರೆದಾರು ಅಂತ." "ಆಮ್ಯಾಲೆ," ಎಂದು ಕೈ ಮಾಡಿ ಗೇಟು ಹೊಕ್ಕ. ಭೀಮರಾಯ ಎದ್ದು ನಿಂತು ನಮಸ್ಕಾರ ಮಾಡಿದ್ದನ್ನು ಅವನು ನೋಡಿದ. ನೋಡದವನ ಹಾಗೆ ಹೋದನೆಂಬುದನ್ನು ಭೀಮರಾಯನೂ ನೋಡಿರಬೇಕು.

ಹತ್ತು ಗಂಟೆಗೆ ಅವನು ಸಬ್ನಿಸನ ಕೋಣೆಯಲ್ಲಿ ನಿಂತಿದ್ದ. ಕಾಲುಗಳೇ ಕರೆದುಕೊಂಡು ಹೋದವು. ಸಬ್ನಿಸ್ ಬೆಳಗಾವಿಯವನು, ಮರಾಠಿ ಮನೆಮಾತು, ಕನ್ನಡ ಚೆನ್ನಾಗಿ ಬರುತ್ತಿತ್ತು. ಏನಾದರೂ ಬೇಕಿದ್ದಾಗ ಮಾತ್ರ ಬರುತ್ತಿತ್ತು. ಬಸವಂತರಾಯ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ, ಜನವರಿಯಲ್ಲಿ ಬಿತ್ತು ಎಂದ, ಎಲ್ಲವನ್ನೂ ಹೇಳಿದ, ಬೆಣ್ಣೆಯ ವಿಷಯ ಬಿಟ್ಟು. ಸಬ್ನಿಸ್ ಪೆಟ್ಟಿಗೆ ತೆರೆಯಲಿಲ್ಲ. ಫ್ಯಾನಿನ ಗಾಳಿಗೆ ಹಾರದಂತೆ ಕೈಯಡಿ ಹಿಡಿದಿದ್ದ ಕಾಗದಗಳನ್ನು ನಿಧಾನವಾಗಿ ಜೋಡಿಸಿದ. ಆಮೇಲೆ ಕನ್ನಡದಲ್ಲಿ, ಬಹಳ ಪ್ರೀತಿಯಿಂದ, "ಕುಂದರ್ರಿ ರಾಯ್ರ," ಎಂದ. "ನೀವು ಏನು ಹೇಳಿದ್ರಿ, ನಾ ಕೇಳಿಲ್ಲ. ಆತೇನು? ಟರ್ನರ್ ತಪ್ಪಿದ್ರ ಒಂದು ಲಾಟ್ ಹೋಗ್ತದ, ಒಬ್ಬ ಮನಷ್ಯಾ ಹೋಗ್ತಾನ. ಗೇಜ್ ತಪ್ಪಿದ್ರ ಜನವರಿಯಿಂದ ನಿಮ್ಮ ಶಿಕ್ಕಾ ಬಿದ್ದದ್ದೆಲ್ಲಾ ವಾಪಸ್. ವಿಮಾನದಾಗ ಕೂಡಿಸಿದ್ದನ್ನೂ ಬಿಚ್ಚಬೇಕು. ಮತ್ತ ಮೂರು ತಿಂಗಳು ಲೇಟ್. ಈ ದಿನಮಾನದಾಗ ಲೇಟ್ ಅಂದ್ರ ಏನು, ನಿಮಗ ನಾ ಹೇಳಬೇಕೇನು?" "ಅದರಾಗ ಒಬ್ಬ ಮನಷ್ಯಾ ಕೂಡ್ತಾನ್ರೀ. ಗಾಲಿ ಬಿಚ್ಚಲಿಲ್ಲಂದ್ರ..." "ಅರೆ, ಬೆಂಗಳೂರಾಗ ಅವರೂ ಅಳತಿ ಮಾಡೂದಿಲ್ಲೇನು? ಹನ್ನೊಂದು ಹಿಡದಾರಲ್ಲ? ಉಳದದ್ದೂ ಹಿಡೀತಾರ. ನಿಮ್ಮೊಬ್ಬರ ತಲೀ ಮ್ಯಾಲೆ ಹಾರ್ತದೇನು ವಿಮಾನ?" ಸಬ್ನಿಸ್ ಪೆಟ್ಟಿಗೆಯನ್ನು ಒಂದು ಬೆರಳಿನಿಂದ ಅವನತ್ತ ತಳ್ಳಿದ. "ಸಣ್ಣ ಕಲ್ಲಿಲೆ ಒಂದೀಟು ತಿಕ್ಕಿ ಇಡ್ರಿ. ಪರೇಲದಾಗ ಟರ್ನರ್‌ಗೆ ಕೆಲಸ ಸಿಗೂದಿಲ್ಲೇನು? ಹೋಗ್ರಿ, ಚಹಾ ಕುಡೀರಿ." ನಿಷ್ಕಾಳಜಿ ಎಂದು ಬರೆದ ಕಾಗದ ಹಿಡಿದುಕೊಂಡು ಹೋದ ಟರ್ನರನಿಗೆ, ಅದೂ ಯುದ್ಧವಿಮಾನದ ಕೆಲಸದಲ್ಲಿ, ಪರೇಲಿನಲ್ಲಲ್ಲ, ಎಲ್ಲೂ ಕೆಲಸ ಸಿಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಪೆಟ್ಟಿಗೆ ಎತ್ತಿಕೊಂಡು ಹೊರಬರುವಾಗ ಬಸವಂತರಾಯನಿಗಾದದ್ದು ಹಗುರ. ನಾನು ಹೇಳಿದೆ, ಹೇಳುವವರಿಗೆ ಹೇಳಿದೆ, ಇನ್ನು ಅದು ಅವರದ್ದು. ಮೆಟ್ಟಿಲಿಳಿಯುವಷ್ಟರಲ್ಲಿ ಆ ಹಗುರದ ಬಗ್ಗೆಯೇ ಹೇಸಿಗೆಯಾಯಿತು.

ಹನ್ನೊಂದೂ ಕಾಲಿಗೆ ಸರ್ಕಾರದ ಸಾಹೇಬ ಬಂದ. ದಪ್ಪ ಕನ್ನಡಕದ ಸುಸ್ತಾದ ಮನುಷ್ಯ, ಒಂದೇ ದಿನ ಏಳು ವರ್ಕ್‌ಶಾಪ್ ಸುತ್ತಬೇಕಾದವನು. ಇನ್‌ಸ್ಪೆಕ್ಷನ್ ರೂಮಿನಲ್ಲಿ ನಿಂತುಕೊಂಡೇ ಫೈಲು ತಿರುವಿದ. ಪ್ರತಿ ಗುರುವಾರ ಅವನು ಕೇಳುವ ಪ್ರಶ್ನೆಗಳು ಮೂರು, ಅವಕ್ಕೆ ಬಸವಂತರಾಯ ಕೊಡುವ ಉತ್ತರ ಒಂದೇ. ಆರು ವರ್ಷದಲ್ಲಿ ಆ ಪ್ರಶ್ನೋತ್ತರ ಮಂಗಳಾರತಿಯಂತಾಗಿಬಿಟ್ಟಿತ್ತು. ಮೆಟೀರಿಯಲ್? ಓಕೆ ಸರ್. ಡ್ರಾಯಿಂಗ್? ಓಕೆ ಸರ್. ಗೇಜಸ್? ಇಲ್ಲಿ ಬಸವಂತರಾಯ ಬಾಯಿ ತೆರೆದ. ಕಿಟಕಿಯ ಬಳಿ ಸಬ್ನಿಸ್ ಹೊರಗೆ ನೋಡುತ್ತ ನಿಂತಿದ್ದ. ಸಾಹೇಬ ತಲೆ ಎತ್ತಲಿಲ್ಲ, ಎತ್ತಿದ್ದರೆ ಬೇರೆಯಾಗುತ್ತಿತ್ತೋ ಏನೋ ಎಂದು ಆಮೇಲೆ ಬಸವಂತರಾಯ ಎಷ್ಟೋ ಸಲ ಯೋಚಿಸಿದ. ಒಬ್ಬ ಮನುಷ್ಯ ಕಣ್ಣೆತ್ತಿ ನೋಡಿದ್ದರೆ ಸಾಕಿತ್ತು. ಒಳಗಿನಿಂದ ಒಂದು ದನಿ, ತನ್ನದೇ, ಬಹಳ ಸ್ಪಷ್ಟವಾಗಿ, "ಓಕೆ ಸರ್" ಎಂದಿತು. ಪೆನ್ನು ಓಡಿತು. ಸಹಿ ಹಾಕಿದ ಮೇಲೆ ಸಾಹೇಬ, ಪಾಪ, ಮಾತಿಗೆಂದು ಕೇಳಿದ. "ಕೈಸಾ ಆದಮೀ ಥಾ, ಯೇ ಭೀಮರಾಯ?" "ಅಚ್ಛಾ ಥಾ ಸಾಬ್," ಎಂದ ಬಸವಂತರಾಯ. ಥಾ. ಇದ್ದ ಅಂತ, ಸತ್ತವನ ಬಗ್ಗೆ ಹೇಳುವ ಹಾಗೆ.

ಮೂರೂವರೆಗೆ ಶಿಫ್ಟ್ ಬದಲಾಗುತ್ತದೆ. ಹೋಗುವವರೂ ಬರುವವರೂ ದೂಜನ ಬೆಂಚುಗಳ ಮೇಲೆ ಒಬ್ಬರ ತೊಡೆಗೊಬ್ಬರು ತೊಡೆ ತಾಗಿಸಿ ಕೂತು ಚಹಾ ಕುಡಿಯುತ್ತಾರೆ. ಬಸವಂತರಾಯ ಸಾಮಾನ್ಯವಾಗಿ ಅಲ್ಲಿ ನಿಲ್ಲುತ್ತಿರಲಿಲ್ಲ. ಅವನಿಗೆ ಚಹಾ ರೂಮಿಗೇ ಬರುತ್ತಿತ್ತು, ಕಪ್ಪು ಬಶಿಯ ಸಮೇತ. ಇವತ್ತು ರೂಮಿನಲ್ಲಿ ಕೂರಲಾಗಲಿಲ್ಲ. ಗೇಟು ದಾಟಿದವನಿಗೆ, ಸಬ್ನಿಸನ ಜವಾನ ಆಗಲೇ ಸುದ್ದಿ ಕೊಟ್ಟುಹೋಗಿರುವುದು ಮುಖಗಳಿಂದಲೇ ಗೊತ್ತಾಯಿತು. ಭೀಮರಾಯ ಹೊರಗೆ, ನಲ್ಲಿಯ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ. ಮಡಿಸಿದ ಕಾಗದ ಬಿಳಿ ಅಂಗಿಯ ಜೇಬಿನಲ್ಲಿತ್ತು. ಇವನನ್ನು ಕಂಡು ಎದ್ದ. ಬೈಯುತ್ತಾನೆ ಎಂದುಕೊಂಡ ಬಸವಂತರಾಯ, ಬೈಯಲಿ ಎಂದು ಬೇಡಿಕೊಂಡ.

"ತಪ್ಪಾತ್ರೀ ಸಾಹೇಬ್ರ," ಎಂದ ಭೀಮರಾಯ. "ನನ್ನ ಸಲುವಾಗಿ ನಿಮ್ಮ ಶಿಕ್ಕಾಕ್ಕ ಕೆಟ್ಟ ಹೆಸರ ಬಂತು. ಅವತ್ತೇ ನೀವು ಅಂದ್ರಿ, ಕೈ ಮಂದ ಆಗ್ಯಾವ ಅಂತ. ನಾ ನಗೀಗಿ ಹಾರಿಸ್ದೆ. ಮನ್ಯಾಗೂ ಹಂಗೇ ಆಗೇದ್ರೀ. ನಮ್ಮ ಮನಿಯಾಕಿ ಮಲ್ಲಕ್ಕ ಚಹಾ ಕೊಟ್ರ ಬಿಸಿ ಅದನೋ ತಣ್ಣಗದನೋ ತಿಳೀವಲ್ದು. ತಿಂಗಳಾತು, ದಿನಾ ಕಣ್ಣು ಮುಚ್ಚಿ ಆಕೀ ಬಳೀ ಮುಟ್ಟಿ ಮುಟ್ಟಿ ನೋಡ್ತೀನಿ, ಯಾವುದು ದೊಡ್ಡದು, ಯಾವುದು ಸಣ್ಣದು ಅಂತ. ಆಕೀ ಅಳ್ತಾಳ."

ಬಸವಂತರಾಯನಿಗೆ ಅಲ್ಲಿಂದ ಓಡಿಹೋಗಬೇಕೆನಿಸಿತು. ಅದರ ಬದಲು ನಲ್ಲಿಯ ಕಟ್ಟೆಯ ಮೇಲೆ ಕೂತುಬಿಟ್ಟ. "ಭೀಮರಾಯ, ಗೇಜ್ ಬಿದ್ದಿತ್ತೋ," ಎಂದ. ಪಿಸುಮಾತು. "ಸಂಕ್ರಾಂತೀ ದಿನ. ನನ್ನ ಕೈಯಿಂದ. ಹೋಗಬಾರದ ತುದಿಗಿ ಪೆಟ್ಟಾಗೇದ. ಅದಕ್ಕ ಹೋಗ್ಲಿಲ್ಲ. ಸಡ್ಲ ಅದ ಅಂತ ನೀ ಅಂದದ್ದು ಖರೇ ಇತ್ತು." ಹೇಳಿದ ಮೇಲೆ ಬೆಣ್ಣೆಯ ವಿಷಯವನ್ನೂ ಹೇಳಿದ, ಮನೆಯಲ್ಲಿ ಯಾರೂ ಇಲ್ಲದ್ದನ್ನೂ ಹೇಳಿದ, ಸಬ್ನಿಸನಿಗೆ ಹೇಳಿದ್ದನ್ನೂ, ಓಕೆ ಸರ್ ಅಂದದ್ದನ್ನೂ. ಮಾತುಗಳು ಒಂದರ ಹಿಂದೊಂದು ಬಂದವು, ಈ ಊರಿಗೆ ಬಂದ ಮೇಲೆ ಇಷ್ಟು ಹೊತ್ತು ಅವನು ಯಾರೊಂದಿಗೂ ಮಾತಾಡಿರಲಿಲ್ಲ. ಭೀಮರಾಯ ಕೇಳಿಸಿಕೊಳ್ಳುತ್ತಿದ್ದ. ಕೇಳಿಸಿಕೊಳ್ಳುತ್ತ ಕೇಳಿಸಿಕೊಳ್ಳುತ್ತ ಅವನ ಮುಖ ಯಾವುದೋ ಲೆಕ್ಕಕ್ಕೆ ಹೊರಳಿತು. ಹೆಬ್ಬೆರಳು ತೋರುಬೆರಳನ್ನು ಬಹಳ ಮೆಲ್ಲಗೆ ಒಮ್ಮೆ ತೀಡಿತು.

"ಅಂದ್ರ ಕೈ ಸರೀ ಅವ," ಎಂದ.

"ಸರೀ ಅವ."

ಬಸವಂತರಾಯ ಕಾದ. ಕ್ಷಮಿಸುತ್ತಾನೋ, ಹೊಡೆಯುತ್ತಾನೋ, ಯಾವುದಾದರೂ ಆದೀತು. ಕೇಳಬೇಕಾದವನಿಗೇ ಹೇಳಿಯಾಯಿತು ಎಂದು ಅವನ ಎದೆ ಮತ್ತೆ, ಬೆಳಗಿನ ಹಾಗೇ, ಹಗುರಾಗತೊಡಗಿತ್ತು. ಭೀಮರಾಯ ಅದನ್ನು ಕಂಡನೋ ಏನೋ. ಕೂತಿದ್ದವನ ಮುಖವನ್ನು ದಿಟ್ಟಿಸಿ ನೋಡಿದ. ಇಷ್ಟು ವರ್ಷದಲ್ಲಿ ಹಾಗೆ ನೋಡಿದ್ದು ಅದೇ ಮೊದಲು.

"ಇಲ್ಲಿ ನಳದ ಕಟ್ಟಿಗಿ ಕುಂತು ನನ್ನ ಕಿವ್ಯಾಗ ಹೇಳಿದ್ರ ಹ್ಯಾಂಗ್ರೀ? ಅವತ್ತ ನನಗ ಎಲ್ಲಾರ ಮುಂದ ಅಂದೀರಿ. ಎಲ್ಲಾರೂ ನಕ್ಕಾರ. ಅವರೆಲ್ಲಾ ಈಗ ಅಲ್ಲೇ ಕುಂತಾರ."

"ಎಲ್ಲಾರ ಮುಂದ ಹೇಳಿದ್ರ ಕೆಲಸ ನಿಂತ್ ಹೋಗ್ತದೋ ಭೀಮರಾಯ. ಎಲ್ಲಾರ್ದೂ. ಸಾಹೇಬನ ತನಕ ಮುಟ್ಟತದ. ಓವರ್‌ಟೈಮ್ ಹೋಗ್ತದ, ಮೂರು ತಿಂಗಳು... ವಿಮಾನ..."

"ವಿಮಾನ ನಿಂತೇ ಅದಲ್ರೀ," ಎಂದ ಭೀಮರಾಯ. ದನಿಯಲ್ಲಿ ಕೋಪವಿರಲಿಲ್ಲ, ಅದೇ ಕಷ್ಟ. ಅಷ್ಟು ಹೇಳಿ ಅವನು ಕ್ಯಾಂಟೀನಿನೊಳಗೆ ಹೋದ. ಜನ ಸರಿದು ಜಾಗ ಕೊಟ್ಟರು. ಯಾರೋ ಅವನ ಬೆನ್ನ ಮೇಲೆ ಕೈ ಇಟ್ಟರು, ದೂಜ ಕೇಳದೆಯೇ ಚಹಾ ಕೊಟ್ಟ. ಬಸವಂತರಾಯ ಕಟ್ಟೆಯ ಮೇಲೆ ಕೂತು ಆ ಬೆಂಚುಗಳನ್ನು ನೋಡಿದ. ಎರಡು ಶಿಫ್ಟಿನ ಮಂದಿ, ಮೂವತ್ತಕ್ಕೂ ಹೆಚ್ಚು ಬೆನ್ನುಗಳು. ಹೇಳಿದರೆ ನಾಳೆಯಿಂದ ಇವರಲ್ಲಿ ಒಬ್ಬನೂ ತನ್ನೊಂದಿಗೆ ಮಾತಾಡಲಿಕ್ಕಿಲ್ಲ. ಇಂದಿನವರೆಗೆ ಯಾರು ಮಾತಾಡಿದ್ದರು? ಬಶಿ ಸಮೇತ ಚಹಾ ತಂದಿಟ್ಟು ಹೋಗುತ್ತಿದ್ದರು. ಬಸ್ ಸ್ಟಾಪಿಗೆ ಹೋಗಿಬಿಡಬಹುದು, ಎಂಟು ಹೆಜ್ಜೆಯ ದೂರ, ಆಂಟಾಪ್ ಹಿಲ್ಲಿನ ಬಸ್ಸೊಂದು ಬಂದು ನಿಂತಿತು ಕೂಡ. ಕಂಡಕ್ಟರ್ ಅವನನ್ನು ನೋಡಿ ಗಂಟೆಯ ಹಗ್ಗ ಎಳೆಯದೆ ಒಂದು ಗಳಿಗೆ ತಡೆದ. ಅವನು ಏಳಲಿಲ್ಲ. ಬಸ್ಸು ಹೋಯಿತು. ಬಸ್ಸು ಹೋದ ಮೇಲೆ ಎದ್ದ.

ಕ್ಯಾಂಟೀನಿನೊಳಗೆ ಕಾಲಿಟ್ಟಾಗ ದೂಜ, "ಅರೆ, ಬನ್ನಿ ಬನ್ನಿ, ಇವತ್ತು ಸೂರ್ಯ ಎಲ್ಲಿ ಹುಟ್ಟಿದ್ದಪ್ಪ!" ಎಂದು ಒರೆಸುವ ಬಟ್ಟೆ ಹುಡುಕತೊಡಗಿದ. ಬಸವಂತರಾಯ ಕೂರಲಿಲ್ಲ. ಎರಡು ಬೆಂಚಿನ ನಡುವೆ ನಿಂತು, ಕೈ ಎಲ್ಲಿಡಬೇಕೆಂದು ತಿಳಿಯದೆ ಹಿಂದೆ ಕಟ್ಟಿಕೊಂಡ, ಬಾಲ್ಯದಲ್ಲಿ ಪಾಠ ಒಪ್ಪಿಸಲು ನಿಂತ ಹಾಗೆ. ಒಂದೆರಡು ತಲೆ ತಿರುಗಿದವು. ಭೀಮರಾಯ ತಿರುಗಲಿಲ್ಲ, ಗೋಡೆಯ ಕಡೆ ಮುಖ ಮಾಡಿ ಚಹಾ ಊದುತ್ತಿದ್ದ. "ಸಂಕ್ರಾಂತೀ ದಿನ," ಎಂದು ಶುರುಮಾಡಿದ ಬಸವಂತರಾಯ, ಕಟ್ಟಿಕೊಂಡಿದ್ದ ಕೈ ಬಿಚ್ಚಿ ಮತ್ತೆ ಶುರುಮಾಡಿದ. "ಸಂಕ್ರಾಂತೀ ದಿನ ನನ್ನ ಕೈಯಿಂದ ಗೇಜ್ ಬಿದ್ದಿತ್ತು." ಪ್ರೈಮಸ್ ಸ್ಟೋ ಬುಸುಗುಟ್ಟುತ್ತಿತ್ತು. ಯಾರಿಗೂ ಕೇಳಿಸಿರಲಿಲ್ಲ. ಕೇಳಿಸದೆ ಹೋದದ್ದು ಅವನಿಗೂ ಗೊತ್ತಾಯಿತು. ಅಷ್ಟಕ್ಕೇ ಬಿಟ್ಟು ಹೋದರೂ ಹೇಳಿದ ಹಾಗೇ ಆಗುತ್ತದಲ್ಲ ಎಂಬ ಯೋಚನೆಯೂ, ಈ ಸಲವೂ, ತಪ್ಪದೆ ಬಂತು.

ಗೋಡೆಯ ಕಡೆ ತಿರುಗಿದ್ದ ಬಿಳಿ ಅಂಗಿ ಅಲುಗಲಿಲ್ಲ, ಅದರ ಮೇಲಿನ ನರೆತ ತಲೆಯೂ ಅಲುಗಲಿಲ್ಲ. "ಜೋರಾಗಿ ಹೇಳ್ರೀ ಸಾಹೇಬ್ರ," ಎಂದಿತು ಅಲ್ಲಿಂದ ಬಂದ ದನಿ. "ಲೇಥಿನ ಮುಂದ ನಿಂತ ಮಂದಿಗಿ ಸಣ್ಣಗೆ ಅಂದ್ರ ಕೇಳ್ಸಂಗಿಲ್ಲ."

ದೂಜ ಸ್ಟೋವಿನ ಕೀಲಿ ತಿರುಗಿಸಿ ಗಾಳಿ ಬಿಟ್ಟ. ಸದ್ದು ಇಳಿಯುತ್ತ ಇಳಿಯುತ್ತ ನಿಂತಿತು. ಬಸವಂತರಾಯ ಜೋರಾಗಿ ಹೇಳಿದ.